ಹಳಿಗೆ ಬೆಸುಗೆ ಇದೆ, ಕಚೇರಿಗಳಿಗಿಲ್ಲ: ದಿಲ್ಲಿ ಮೆಟ್ರೋ ಪ್ರಶ್ನೋತ್ತರ

ಮೆಟ್ರೋ ಬಗ್ಗೆ ಏನಾದರೂ ಕೇಳುವುದಿದ್ದರೆ ಬರೆಯಿರಿ ಎಂದದ್ದೇ ತಡ, ದಿಲ್ಲಿ, ನೊಯ್ಡಾ, ಗುರುಗ್ರಾಮದ ಕನ್ನಡಿಗರಿಂದ ಕಾಗದಗಳು ಬಂದು ಬಿದ್ದವು. ಅರ್ಧದಷ್ಟು ಬರೀ ದೂರುಗಳು. ಸೀಟು ಸಿಗುವುದಿಲ್ಲ, ಪಕ್ಕದವನು ಮೊಬೈಲಿನಲ್ಲಿ ಜೋರಾಗಿ ಹಾಡು ಹಾಕುತ್ತಾನೆ, ಇತ್ಯಾದಿ. ಅದಕ್ಕೆ ನನ್ನಲ್ಲಿ ಮದ್ದಿಲ್ಲ. ಉಳಿದವುಗಳಲ್ಲಿ ಕೆಲವನ್ನು ಆರಿಸಿಕೊಂಡಿದ್ದೇನೆ. ಹಳಿ ಹಾಸುವ ಕೆಲಸದಲ್ಲೇ ತಲೆಗೂದಲು ಬೆಳ್ಳಗೆ ಮಾಡಿಕೊಂಡವನು ನಾನು. ಮಾತು ಆಗಾಗ ಹಳಿಯ ಕಡೆಗೇ ವಾಲಿದರೆ ಸಹಿಸಿಕೊಳ್ಳಿ.

ನಾವು 1991ರಲ್ಲಿ ದಾವಣಗೆರೆಯಿಂದ ಇಲ್ಲಿಗೆ ಬಂದೆವು. ನಮ್ಮ ಯಜಮಾನರು ಜನಕಪುರಿಯಿಂದ ಕನಾಟ್ ಪ್ಲೇಸಿಗೆ ಬಸ್ಸಿನ ಬಾಗಿಲಲ್ಲಿ ಜೋತುಬಿದ್ದೇ ನೌಕರಿ ಮಾಡಿದರು. ಈಗ ಮೊಮ್ಮಗಳು ಅದೇ ದಾರಿಯನ್ನು ಎ.ಸಿ. ಬೋಗಿಯಲ್ಲಿ ಹೋಗಿಬರುತ್ತಾಳೆ. ಸರ್ಕಾರದ ಕೆಲಸ ಇಷ್ಟು ಬೇಗ ಮುಗಿದದ್ದು ಹೇಗೆ? ಕಲ್ಕತ್ತೆಯಲ್ಲಿ ಯಾಕೆ ಹಾಗಾಗಲಿಲ್ಲ? (ದ್ವಾರಕಾದ ಓದುಗರೊಬ್ಬರು)

ತಾಯಿ, ಉತ್ತರವನ್ನು ಕಲ್ಕತ್ತೆಯಿಂದಲೇ ಶುರುಮಾಡಬೇಕು. ದಿಲ್ಲಿಯವರು ಪಾಠ ಕಲಿತದ್ದು ಅಲ್ಲೇ. 1972ರ ಕೊನೆಯಲ್ಲಿ ಇಂದಿರಾ ಗಾಂಧಿ ಅಲ್ಲಿ ಅಡಿಗಲ್ಲು ಹಾಕಿದರು. ಮೊದಲ ರೈಲು ಓಡಿದ್ದು 1984ರ ಅಕ್ಟೋಬರ್ 24ರಂದು, ಅದೂ 3.4 ಕಿಲೋಮೀಟರ್ ಮಾತ್ರ. ದಮ್‌ದಮ್‌ನಿಂದ ಟಾಲಿಗಂಜ್‌ವರೆಗಿನ 16 ಕಿಲೋಮೀಟರ್ ಪೂರ್ತಿಯಾಗುವಾಗ 1995 ಬಂದಿತ್ತು. ದುಡ್ಡು ವರ್ಷವರ್ಷವೂ ಬಜೆಟ್ಟಿನಿಂದ ತೊಟ್ಟಿಕ್ಕುತ್ತಿತ್ತು. ನಡುರಸ್ತೆಯನ್ನು ಅಗೆದು ಬಿಟ್ಟ ಹೊಂಡದ ಪಕ್ಕದಲ್ಲೇ ಒಂದು ತಲೆಮಾರಿನ ಮಕ್ಕಳು ಶಾಲೆ ಮುಗಿಸಿದರು.

ಅದೇ 1995ರ ಮೇ 3ರಂದು ದಿಲ್ಲಿ ಮೆಟ್ರೋ ರೈಲು ನಿಗಮ ನೋಂದಣಿಯಾಯಿತು. ಅದು ಇಲಾಖೆಯಲ್ಲ, ಕಂಪನಿ. ಅರ್ಧ ಪಾಲು ಕೇಂದ್ರದ್ದು, ಅರ್ಧ ದಿಲ್ಲಿ ಸರ್ಕಾರದ್ದು. ಇಬ್ಬರು ಯಜಮಾನರಿದ್ದ ಮನೆ ಎರಡು ಪಟ್ಟು ಹಾಳಾಗಬೇಕಿತ್ತು. ಆಗಲಿಲ್ಲ, ಯಾಕೆಂದರೆ ಇಬ್ಬರೂ ಅಧಿಕಾರವನ್ನು ಮೂರನೆಯವನ ಕೈಗೆ ಕೊಟ್ಟು ದೂರ ಸರಿದರು. ಆ ಮೂರನೆಯವರು ಇ. ಶ್ರೀಧರನ್. 1997ರ ನವೆಂಬರ್‌ನಲ್ಲಿ ವ್ಯವಸ್ಥಾಪಕ ನಿರ್ದೇಶಕರಾದಾಗ ಅವರಿಗೆ 65 ವರ್ಷ. ನಮ್ಮ ಕರಾವಳಿಯವರಿಗೆ ಅವರ ಪರಿಚಯ ಹೇಳಬೇಕಿಲ್ಲ. ರೋಹಾದಿಂದ ಮಂಗಳೂರಿನ ತೋಕೂರುವರೆಗೆ ಕೊಂಕಣ ರೈಲು ಹಾಸಿಸಿದವರು ಅವರೇ.

1998ರ ಅಕ್ಟೋಬರ್ 1ರಂದು ಕೆಲಸ ಶುರುವಾಯಿತು. ದುಡ್ಡಿನಲ್ಲಿ ಸುಮಾರು ಶೇ. 60 ಜಪಾನಿನ ಸಾಲ. ಹೀಗಾಗಿ ಪ್ರತಿ ಮಾರ್ಚ್‌ನಲ್ಲಿ ಬಜೆಟ್ಟಿನ ಮುಂದೆ ಕೈಯೊಡ್ಡುವ ಪ್ರಸಂಗ ತಪ್ಪಿತು. ಟೆಂಡರ್ ತೀರ್ಮಾನ ನಿಗಮದೊಳಗೇ ಆಗುತ್ತಿತ್ತು, ಕಡತ ಸಚಿವಾಲಯಗಳ ಮೆಟ್ಟಿಲು ಹತ್ತಿ ಇಳಿಯುತ್ತಿರಲಿಲ್ಲ. ಕೆಲಸದ ಜಾಗಗಳಲ್ಲಿ 'ಇನ್ನು ಇಷ್ಟು ದಿನ ಉಳಿದಿದೆ' ಎಂದು ತೋರಿಸುವ ಫಲಕ ತೂಗುಹಾಕಿದ್ದರು. ಬೆಳಿಗ್ಗೆ ಬರುವ ಗಾರೆ ಕೆಲಸದವನಿಗೂ ಗಡುವು ಕಣ್ಣೆದುರೇ ಇರುತ್ತಿತ್ತು.

2002ರ ಡಿಸೆಂಬರ್ 24ರಂದು ವಾಜಪೇಯಿ ಶಾಹದರಾ–ತೀಸ್ ಹಜಾರಿ ನಡುವಿನ 8 ಚಿಲ್ಲರೆ ಕಿಲೋಮೀಟರ್ ದಾರಿಯನ್ನು ಉದ್ಘಾಟಿಸಿದರು. ಮರುದಿನ ಸಾರ್ವಜನಿಕರಿಗೆ ಬಿಟ್ಟಾಗ ಊರಿಗೆ ಊರೇ ನುಗ್ಗಿತು. ದಿನಕ್ಕೆ ಸುಮಾರು 2 ಲಕ್ಷ ಜನರಿಗೆಂದು ಸಿದ್ಧವಾಗಿದ್ದ ದಾರಿಗೆ 10 ಲಕ್ಷಕ್ಕೂ ಹೆಚ್ಚು ಜನ ಬಂದಿದ್ದರು. ಟೋಕನ್ ಸಾಲದೆ ಕಾಗದದ ಟಿಕೆಟ್ ಹರಿದುಕೊಟ್ಟರು. ಮೆಟ್ರೋ ಎಲ್ಲಿಗೂ ಓಡಿಹೋಗುವುದಿಲ್ಲ, ನೋಡುವ ಆಸೆಯವರು ಕೆಲವು ದಿನ ತಡೆದು ಬನ್ನಿ ಎಂದು ನಿಗಮ ಜನರನ್ನು ಬೇಡಿಕೊಳ್ಳಬೇಕಾಯಿತು. 65 ಕಿಲೋಮೀಟರಿನ ಮೊದಲ ಹಂತಕ್ಕೆ ಕೊಟ್ಟ ಅವಧಿ 10 ವರ್ಷ, ಹಿಡಿದದ್ದು ಏಳೂಕಾಲು. ನಿಮ್ಮ ದ್ವಾರಕಾದಿಂದ ಬಾರಾಖಂಬಾಕ್ಕೆ ಗಾಡಿ ಬಂದದ್ದು 2005ರ ಡಿಸೆಂಬರ್ 31ಕ್ಕೆ.

ಎಲ್ಲ ಒಬ್ಬ ಮನುಷ್ಯನ ಮಹಿಮೆ ಎಂದು ಪತ್ರಿಕೆಗಳು ಬರೆದವು. ನಾನು ಅಷ್ಟು ಸರಳವಾಗಿ ಒಪ್ಪುವುದಿಲ್ಲ. ಶ್ರೀಧರನ್ 2011ರ ಕೊನೆಗೆ ನಿವೃತ್ತರಾದರು. ಆಮೇಲೆ ಬಂದ ಮಂಗು ಸಿಂಗ್ ಹತ್ತು ವರ್ಷದಲ್ಲಿ ಹಾಕಿಸಿದ ಹಳಿಯೂ ಕಡಿಮೆಯೇನಲ್ಲ, ಅವರ ಹೆಸರು ಯಾರಿಗೆ ನೆನಪಿದೆ?

ನೀವೆಲ್ಲ ಹೊಗಳುವುದೇ ಆಯಿತು. ಕೆಲಸ ಮಾಡುವಾಗ ಸತ್ತವರ ಲೆಕ್ಕ ಯಾರು ಇಟ್ಟಿದ್ದಾರೆ? (ಲಜಪತ್ ನಗರದ ಓದುಗ)

ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದೀರಿ. 2008ರ ಅಕ್ಟೋಬರ್‌ನಲ್ಲಿ ಲಕ್ಷ್ಮಿನಗರದಲ್ಲಿ ಗರ್ಡರ್ ಬಸ್ಸಿನ ಮೇಲೆ ಬಿದ್ದು ಇಬ್ಬರು ತೀರಿಕೊಂಡರು. ನಿಮ್ಮ ಮನೆಯಿಂದ ಹೆಚ್ಚು ದೂರವಿಲ್ಲದ ಜಮ್ರೂದ್‌ಪುರದಲ್ಲಿ 2009ರ ಜುಲೈ 12ರ ಬೆಳಗಿನ ಜಾವ ಕಂಬದ ತಲೆ ಮುರಿದು ಆರು ಜನ ಹೋದರು. ರಸ್ತೆಗೆ ತೊಂದರೆಯಾಗದಂತೆ ಕಂಬವನ್ನು ಒಂದು ಬದಿಗೆ ನಿಲ್ಲಿಸಿ, ಅದರ ತಲೆಯನ್ನು ತೋಳಿನ ಹಾಗೆ ಚಾಚುತ್ತಾರೆ. ಸೇತುವೆಯ ತುಂಡುಗಳನ್ನು ಎತ್ತಿ ಜೋಡಿಸುವ ಯಂತ್ರದ ಭಾರ ಬಿದ್ದದ್ದು ಆ ತೋಳಿನ ಮೇಲೆ. ಮರುದಿನ ಅವಶೇಷ ಎತ್ತಲು ಬಂದ ಕ್ರೇನುಗಳೂ ಉರುಳಿದವು.

ಶ್ರೀಧರನ್ ಅದೇ ದಿನ ರಾಜೀನಾಮೆ ಕೊಟ್ಟರು, ಮುಖ್ಯಮಂತ್ರಿ ಶೀಲಾ ದೀಕ್ಷಿತ್ ಒಪ್ಪಲಿಲ್ಲ. ಮರುವರ್ಷದ ಅಕ್ಟೋಬರ್‌ಗೆ ಕಾಮನ್‌ವೆಲ್ತ್ ಕ್ರೀಡಾಕೂಟವಿತ್ತು. ಸುಮಾರು 125 ಕಿಲೋಮೀಟರಿನ ಎರಡನೇ ಹಂತವನ್ನು ಆ ದಿನಾಂಕಕ್ಕೆ ಕಟ್ಟಿಹಾಕಿದ್ದರು. ಮೇಲೆ ಹೊಗಳಿದೆನಲ್ಲ, ದಿನ ಎಣಿಸುವ ಫಲಕ, ಅದಕ್ಕೆ ಈ ಮುಖವೂ ಇದೆ. 2023ರ ಜನವರಿಯಲ್ಲಿ ಬೆಂಗಳೂರಿನ ನಾಗವಾರದ ಹತ್ತಿರ ಕಂಬದ ಕಬ್ಬಿಣದ ಪಂಜರ ಬಿದ್ದು ಬೈಕಿನಲ್ಲಿದ್ದ ತಾಯಿ, ಮಗು ತೀರಿಕೊಂಡಾಗ ನನಗೆ ಜಮ್ರೂದ್‌ಪುರವೇ ಕಣ್ಣಿಗೆ ಬಂತು.

ಯೆಲ್ಲೋ ಲೈನಿನ ಬೋಗಿ ಅಗಲ, ವಯಲೆಟ್ ಲೈನಿನದು ಇಕ್ಕಟ್ಟು ಅನ್ನಿಸುತ್ತದೆ. ನನ್ನ ಭ್ರಮೆಯೋ? ಒಂದು ಲೈನಿನ ರೈಲನ್ನು ಇನ್ನೊಂದರಲ್ಲಿ ಯಾಕೆ ಓಡಿಸುವುದಿಲ್ಲ? (ಇಂಜಿನಿಯರಿಂಗ್ ವಿದ್ಯಾರ್ಥಿ, ಗುರುಗ್ರಾಮ)

ಭ್ರಮೆಯಲ್ಲ ತಮ್ಮಾ, ನಿನ್ನ ಕಣ್ಣು ಚುರುಕಾಗಿದೆ. ಯೆಲ್ಲೋ ಲೈನಿನ ಬೋಗಿ ಸುಮಾರು 3.2 ಮೀಟರ್ ಅಗಲ, ವಯಲೆಟ್‌ನದು ಸುಮಾರು 2.9. ಹಳಿಯೇ ಬೇರೆ. ರೆಡ್, ಯೆಲ್ಲೋ, ಬ್ಲೂ ಲೈನುಗಳು 1676 ಮಿಲಿಮೀಟರಿನ ಬ್ರಾಡ್‌ಗೇಜ್, ಅಂದರೆ ನಿಮ್ಮೂರಿಗೆ ಹೋಗುವ ರೈಲಿನ ಅಳತೆ. ಗ್ರೀನ್, ವಯಲೆಟ್, ಪಿಂಕ್, ಮೆಜೆಂತಾ, ಗ್ರೇ ಮತ್ತು ವಿಮಾನ ನಿಲ್ದಾಣದ ಲೈನುಗಳು 1435 ಮಿಲಿಮೀಟರಿನ ಸ್ಟ್ಯಾಂಡರ್ಡ್ ಗೇಜ್. ನಮ್ಮ ಬೆಂಗಳೂರಿನದೂ ಇದೇ.

ಶ್ರೀಧರನ್ ಮೊದಲಿನಿಂದಲೂ ಸ್ಟ್ಯಾಂಡರ್ಡ್ ಗೇಜೇ ಬೇಕೆಂದರು. ಜಗತ್ತಿನ ಬಹುಪಾಲು ಮೆಟ್ರೋ ಆ ಅಳತೆಯಲ್ಲಿದೆ, ಬೋಗಿ ಮಾಡುವವರು ಹೆಚ್ಚು, ಕಿರಿದಾದ ತಿರುವಿನಲ್ಲಿ ಹಳಿ ತಿರುಗಿಸಬಹುದು. ಹಳೆಯ ಊರಿನಲ್ಲಿ ತಿರುವು ಕಿರಿದಾದಷ್ಟೂ ಒಡೆಯಬೇಕಾದ ಮನೆ ಕಡಿಮೆ. ರೈಲ್ವೆಯವರು ಬ್ರಾಡ್‌ಗೇಜ್ ಬಿಟ್ಟು ಕದಲಲಿಲ್ಲ. ದೇಶಕ್ಕೆಲ್ಲ ಒಂದೇ ಗೇಜ್ ಮಾಡುತ್ತಿರುವಾಗ ಇದೇನು ಹೊಸದು, ನಾಳೆ ಮೆಟ್ರೋ ರೈಲು ನಮ್ಮ ಹಳಿಗೂ ಬರಬಹುದಲ್ಲ ಎಂಬುದು ಅವರ ವಾದ. ಸರ್ಕಾರ ಅವರ ಮಾತನ್ನೇ ಎತ್ತಿಹಿಡಿಯಿತು. ಆ ನಾಳೆ ಇನ್ನೂ ಬಂದಿಲ್ಲ. ಎರಡನೇ ಹಂತದ ಹೊಸ ಲೈನುಗಳಿಂದ ನಿಗಮ ತನ್ನ ಇಷ್ಟದ ಅಳತೆಗೆ ಹೊರಳಿತು.

ಹೀಗಾಗಿ ಒಂದೇ ಊರಿನಲ್ಲಿ ಎರಡು ಜಾತಿಯ ರೈಲು. ಒಂದರ ಬೋಗಿಗೆ ಇನ್ನೊಂದರ ಹಳಿ ನಿಷಿದ್ಧ. ಡಿಪೋಗಳೂ ಬಿಡಿಭಾಗಗಳೂ ಬೇರೆ. ಬ್ರಾಡ್‌ಗೇಜಿನಿಂದ ಒಂದು ಲಾಭವಾದದ್ದು ಒಪ್ಪಬೇಕು, ಅಗಲ ಬೋಗಿಯಲ್ಲಿ ಜನ ಹೆಚ್ಚು ಹಿಡಿಸುತ್ತಾರೆ. ಬೆಳಿಗ್ಗೆ ಒಂಬತ್ತಕ್ಕೆ ರಾಜೀವ್ ಚೌಕದಲ್ಲಿ ಹತ್ತಿದವರಿಗೆ ಆ ಒಂದಡಿಯ ಬೆಲೆ ಗೊತ್ತು.

ವಿದ್ಯಾರ್ಥಿಯಾದ್ದರಿಂದ ಇನ್ನೊಂದು ವಿಷಯ. ದಿಲ್ಲಿಯ ರೈಲು ತಲೆಯ ಮೇಲಿನ 25,000 ವೋಲ್ಟ್ ತಂತಿಯಿಂದ ವಿದ್ಯುತ್ ತೆಗೆದುಕೊಳ್ಳುತ್ತದೆ. ಬೆಂಗಳೂರಿನದು ಹಳಿಯ ಪಕ್ಕದಲ್ಲಿ ಮಲಗಿರುವ ಮೂರನೇ ಹಳಿಯಿಂದ, 750 ವೋಲ್ಟ್. ದಿಲ್ಲಿಯ ರೈಲಿಗೆ ಬ್ರೇಕ್ ಹಾಕಿದಾಗ ಮೋಟಾರೇ ಜನರೇಟರ್ ಆಗಿ ವಿದ್ಯುತ್ತನ್ನು ತಂತಿಗೆ ಮರಳಿಸುತ್ತದೆ. ಆ ಉಳಿತಾಯವನ್ನು ತೋರಿಸಿಯೇ ದಿಲ್ಲಿ ಮೆಟ್ರೋ ವಿಶ್ವಸಂಸ್ಥೆಯ ವ್ಯವಸ್ಥೆಯಡಿ ಕಾರ್ಬನ್ ಕ್ರೆಡಿಟ್ ಗಳಿಸಿತು, ಜಗತ್ತಿನ ರೈಲುಗಳಲ್ಲೇ ಮೊದಲು.

ಚಾವಡಿ ಬಜಾರ್ ನಿಲ್ದಾಣದಲ್ಲಿ ಎಸ್ಕಲೇಟರ್ ಇಳಿದಷ್ಟೂ ಮುಗಿಯುವುದಿಲ್ಲ, ಸೀರೆ ಎಲ್ಲಿ ಸಿಕ್ಕಿಕೊಳ್ಳುವುದೋ ಎಂದು ಜೀವ ಬಾಯಿಗೆ ಬರುತ್ತದೆ. ಅಷ್ಟು ಆಳಕ್ಕೆ ಯಾಕೆ ಹೋದರು? ಮೇಲಿನ ಹಳೇ ಮನೆಗಳು ಬೀಳಲಿಲ್ಲವೆ? (ಗೃಹಿಣಿ, ಮಯೂರ್ ವಿಹಾರ್)

ಸೀರೆಯ ಭಯ ಮೊದಲು. ಮೆಟ್ಟಿಲಿಗೂ ಪಕ್ಕದ ತಗಡಿಗೂ ನಡುವಿನ ಸಂದಿಯಲ್ಲಿ ಬ್ರಷ್ ಥರದ ಅಂಚು ಓಡಿರುವುದನ್ನು ನೋಡಿ. ಅದೇ ಸೀರೆ ಕಾವಲು. ದಿಲ್ಲಿ ಮೆಟ್ರೋದ ಎಸ್ಕಲೇಟರುಗಳಿಗೆ ಅದನ್ನು ಕೇಳಿ ಹಾಕಿಸಿದ್ದಾರೆ. ನೆರಿಗೆಯನ್ನು ತುಸು ಎತ್ತಿ ಹಿಡಿದು, ನಡು ಮೆಟ್ಟಿಲಲ್ಲಿ ನಿಂತರೆ ಸಾಕು.

ಆಳದ ಮಾತು. ಹಳೇ ದಿಲ್ಲಿಯ ಮೇಲೆ ಕಂಬ ನಿಲ್ಲಿಸಲು ಜಾಗವಿಲ್ಲ, ರಸ್ತೆ ಅಗೆದು ಪೆಟ್ಟಿಗೆ ಹೂಳಲು ರಸ್ತೆಯೇ ಇಲ್ಲ. ಉಳಿದದ್ದು ಸುರಂಗ ಕೊರೆಯುವ ಯಂತ್ರ. ಮುಂದೆ ಹಲ್ಲಿನ ಚಕ್ರ ತಿರುಗುತ್ತದೆ, ಹಿಂದೆ ಕಾಂಕ್ರೀಟಿನ ತುಂಡುಗಳು ಬಳೆಯಂತೆ ಕೂಡಿಕೊಳ್ಳುತ್ತವೆ, ಆ ಬಳೆಯನ್ನೇ ಒದ್ದುಕೊಂಡು ಯಂತ್ರ ಮುಂದೆ ಸಾಗುತ್ತದೆ. ಆಳಕ್ಕೆ ಹೋದಷ್ಟೂ ಮೇಲಿನ ಮನೆಯ ಪಾಯಕ್ಕೆ ಅಲುಗಾಟ ಕಡಿಮೆ. ಯಮುನೆ ಬದಿಯಲ್ಲಿ ಮೆತ್ತನೆಯ ಮರಳು ಮಣ್ಣು, ಚಾವಡಿ ಬಜಾರಿನ ಕಡೆ ಬಂಡೆ. ಜಾಮಾ ಮಸೀದಿ ನಿಂತಿರುವುದೇ ಭೋಜಲಾ ಪಹಾಡಿ ಎಂಬ ಗುಡ್ಡದ ಮೇಲೆ. ಅರಾವಳಿಯ ಬಾಲ ಅಲ್ಲಿ ನೆಲದೊಳಗೆ ಚಾಚಿಕೊಂಡಿದೆ. ಹೀಗಾಗಿ ಚಾವಡಿ ಬಜಾರಿನಲ್ಲಿ ಸುಮಾರು 25 ಮೀಟರ್ ಇಳಿಯಬೇಕಾಯಿತು. ನೀವು ಇಳಿಯುವಾಗ ಲೆಕ್ಕ ಹಾಕಿ, ಎಂಟು ಮಹಡಿ! ಮಸೀದಿ, ಕೆಂಪುಕೋಟೆಗಳ ಪಕ್ಕದ ವಯಲೆಟ್ ಲೈನಿನ ತುಂಡು ಆಮೇಲೆ, 2017ರ ಮೇ ತಿಂಗಳಲ್ಲಿ ಬಂತು. ಮನೆಗಳ ಗೋಡೆಗೆ ಅಳತೆಯ ಉಪಕರಣ ಅಂಟಿಸಿ, ಬಿರುಕು ಅಗಲವಾಗುತ್ತಿದೆಯೇ ಎಂದು ನೋಡುತ್ತಲೇ ಕೊರೆಯುವುದು ಈ ಕೆಲಸದ ರೀತಿ.

ಕೆಲಸದ ಮೇಲೆ ಚೀನಾದ ಶೆನ್‌ಜೆನ್‌ಗೆ ಹೋಗಿದ್ದೆ. ನಮ್ಮ ನಂತರ ಶುರುವಾದ ಮೆಟ್ರೋ, ನಮ್ಮನ್ನು ಹಿಂದೆ ಹಾಕಿಬಿಟ್ಟಿದೆ. ನಮಗೆ ಅದು ಯಾಕೆ ಆಗುವುದಿಲ್ಲ? ನಾಚಿಕೆಯಾಯಿತು. (ಸಾಫ್ಟ್‌ವೇರ್ ಉದ್ಯೋಗಿ, ನೊಯ್ಡಾ)

ನಾಚಿಕೆ ಬೇಡ, ಲೆಕ್ಕ ನೋಡೋಣ. ಕಲ್ಕತ್ತೆಯಲ್ಲಿ ಮೆಟ್ರೋ ಓಡಿದಾಗ ಶಾಂಘೈನಲ್ಲಿ ಒಂದಡಿ ಮೆಟ್ರೋ ಹಳಿ ಇರಲಿಲ್ಲ. ಅಲ್ಲಿ ಶುರುವಾದದ್ದು 1993ರಲ್ಲಿ, ಈಗ 800 ಕಿಲೋಮೀಟರ್ ದಾಟಿದೆ. ಶೆನ್‌ಜೆನ್‌ನ ಮೊದಲ ರೈಲು 2004ರ ಡಿಸೆಂಬರ್ 28ರದು, ದಿಲ್ಲಿಗಿಂತ ಎರಡು ವರ್ಷ ತಡ. ಈಗ ಅಲ್ಲಿ 550 ಕಿಲೋಮೀಟರಿಗೂ ಹೆಚ್ಚು. ನೊಯ್ಡಾ, ಗುರುಗ್ರಾಮದ ಲೈನುಗಳನ್ನು ಸೇರಿಸಿಕೊಂಡರೂ ನಮ್ಮದು 400ರ ಆಸುಪಾಸು.

ಮೊದಲ ಕಾರಣ ನೆಲ. ಅಲ್ಲಿ ನಗರದ ಭೂಮಿಯೆಲ್ಲ ಸರ್ಕಾರದ್ದು. ಮೆಟ್ರೋ ಬರುವ ಕಡೆ ಭೂಮಿಯ ಬೆಲೆ ಏರುತ್ತದಲ್ಲ, ಆ ಏರಿಕೆ ಮೆಟ್ರೋ ಕಟ್ಟುವವನ ಜೇಬಿಗೇ ಹೋಗುವ ಏರ್ಪಾಡು. ಪಕ್ಕದ ಹಾಂಗ್‌ಕಾಂಗ್‌ನವರು ಇದನ್ನು ದಶಕಗಳಿಂದ ಮಾಡುತ್ತಿದ್ದರು. ನಿಲ್ದಾಣ, ಅದರ ಮೇಲೆ ವಸತಿ, ಅಂಗಡಿ, ಎಲ್ಲವೂ ಒಂದೇ ಕೈಯಲ್ಲಿ. ಶೆನ್‌ಜೆನ್ ಅದನ್ನು ನೋಡಿ ಕಲಿತಿತು. ನಮ್ಮಲ್ಲಿ ದ್ವಾರಕಾಕ್ಕೆ ಬ್ಲೂ ಲೈನ್ ಬಂದಾಗ ಫ್ಲ್ಯಾಟಿನ ಬೆಲೆ ಏರಿದ ಲಾಭ ಯಾರಿಗೆ ಸಿಕ್ಕಿತು? ಫ್ಲ್ಯಾಟಿದ್ದವನಿಗೆ, ದಲ್ಲಾಳಿಗೆ. ಮೆಟ್ರೋಗೆ ಸಿಕ್ಕಿದ್ದು ಟಿಕೆಟ್ಟಿನ ದುಡ್ಡು. ಶಾಸ್ತ್ರಿ ಪಾರ್ಕಿನಲ್ಲಿ ಐ.ಟಿ. ಪಾರ್ಕ್ ಮಾಡಿದರು, ನಿಲ್ದಾಣಗಳಲ್ಲಿ ಅಂಗಡಿ ಬಾಡಿಗೆಗೆ ಕೊಟ್ಟರು, ಆದರೆ ಅದು ಸಾಗರದ ಮುಂದೆ ಸೌಟು.

ಎರಡನೆಯದು, ಅಲ್ಲಿ ಒಂದು ಲೈನಿಗೆಂದು ತರಬೇತಾದ ತಂಡ ಚದುರುವುದಿಲ್ಲ, ಮುಂದಿನ ಲೈನು ಕಾಯುತ್ತಿರುತ್ತದೆ. ನಮ್ಮ ನಾಲ್ಕನೇ ಹಂತದ ಮೂರು ಮಾರ್ಗಗಳಿಗೆ ಕೇಂದ್ರ ಒಪ್ಪಿದ್ದು 2019ರ ಮಾರ್ಚ್‌ನಲ್ಲಿ. ಅದರ ಮೊದಲ ಸಣ್ಣ ತುಂಡು, ಜನಕಪುರಿ ಪಶ್ಚಿಮದಿಂದ ಕೃಷ್ಣಾ ಪಾರ್ಕ್ ವಿಸ್ತರಣೆಗೆ, ತೆರೆದದ್ದು 2025ರ ಜನವರಿಯಲ್ಲಿ. ಆ ನಡುವೆ ದಿಲ್ಲಿ ಸರ್ಕಾರಕ್ಕೂ ಕೇಂದ್ರಕ್ಕೂ ನಡೆದ ಪತ್ರಸಮರ ನಿಮಗೆ ಗೊತ್ತೇ ಇದೆ. 1997ರಲ್ಲಿ ಇಬ್ಬರೂ ದೂರ ಸರಿದು ನಿಂತದ್ದಕ್ಕೆ ಬೆಲೆ ಎಷ್ಟಿತ್ತು ಎಂದು ಆಗ ತಿಳಿಯಿತು.

ಹಾಗೆಂದು ಚೀನಾದ್ದೆಲ್ಲ ಚಿನ್ನವಲ್ಲ. ಊರೂರೂ ಸಾಲ ಮಾಡಿ ಮೆಟ್ರೋಗೆ ಹೊರಟಾಗ ಬಾವೊಟೌ ಎಂಬ ಊರಿನ ಕೆಲಸವನ್ನು 2017ರಲ್ಲಿ ಅರ್ಧದಲ್ಲೇ ನಿಲ್ಲಿಸಿದರು. ಮರುವರ್ಷ ಸರ್ಕಾರವೇ ಕಟ್ಟಳೆ ತಂದು, ನಗರದಲ್ಲಿ 30 ಲಕ್ಷ ಜನರಿಲ್ಲದಿದ್ದರೆ ಸುರಂಗ ಮೆಟ್ರೋ ಕೇಳಬೇಡಿ ಎಂದಿತು. 2021ರ ಜುಲೈನ ಮಳೆಯಲ್ಲಿ ಝೆಂಗ್‌ಝೌ ಊರಿನ ಸುರಂಗಕ್ಕೆ ನೀರು ನುಗ್ಗಿ 14 ಜನ ರೈಲಿನಲ್ಲೇ ಸತ್ತರು.

ಇನ್ನೊಂದು ತಮಾಷೆ. ನೊಯ್ಡಾದಲ್ಲಿ ನೀವು ಆಕ್ವಾ ಲೈನ್ ಹತ್ತುವವರಾದರೆ ಚೀನಾದ ಬೋಗಿಯಲ್ಲೇ ಕೂತಿದ್ದೀರಿ, ನಾನ್‌ಜಿಂಗ್‌ನ ಕಾರ್ಖಾನೆಯದು. ಬೆಂಗಳೂರಿನ ಯೆಲ್ಲೋ ಲೈನಿಗೂ ಅದೇ ಕಾರ್ಖಾನೆಯ ರೈಲು ಮಾದರಿ. ಅದು ಬಂದು ಸೇರುವುದು ತಡವಾಗಿ, ಆರ್.ವಿ. ರಸ್ತೆ–ಬೊಮ್ಮಸಂದ್ರ ಹಳಿ ಖಾಲಿ ಬಿದ್ದಿತ್ತು. ಕೊನೆಗೆ 2025ರ ಆಗಸ್ಟ್‌ನಲ್ಲಿ ಓಡಿತು. ಹಾಗಾದರೆ ದಿಲ್ಲಿಯ ಮೊದಲ ಬೋಗಿಗಳು? ಒಟ್ಟು 240. ಮೊದಲ ಕೆಲವು ಕೊರಿಯಾದಿಂದ ಬಂದವು, ಉಳಿದದ್ದೆಲ್ಲ ತಯಾರಾದದ್ದು ನಮ್ಮ ಬೆಂಗಳೂರಿನ ಬಿ.ಇ.ಎಂ.ಎಲ್.ನಲ್ಲಿ. ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಬೆಂಗಳೂರಿನವರು ಮೆಟ್ರೋ ಹತ್ತಿದ್ದು 2011ರ ಅಕ್ಟೋಬರ್ 20ಕ್ಕೆ. ಅದಕ್ಕೆ ಎಷ್ಟೋ ವರ್ಷ ಮೊದಲೇ ಬೆಂಗಳೂರಿನ ಕಾರ್ಮಿಕರು ಮಾಡಿದ ಬೋಗಿಯಲ್ಲಿ ದಿಲ್ಲಿಯವರು ಓಡಾಡುತ್ತಿದ್ದರು. ಊಟ ಬಡಿಸಿದವನೇ ಕೊನೆಗೆ ಉಂಡಂತೆ!

ಸೆಕ್ಟರ್ 52ರಲ್ಲಿ ಬ್ಲೂ ಲೈನ್, ಸೆಕ್ಟರ್ 51ರಲ್ಲಿ ಆಕ್ವಾ ಲೈನ್. ನಡುವೆ ಬಿಸಿಲಲ್ಲಿ ನಡಿಗೆ. ಒಂದೇ ನಿಲ್ದಾಣ ಕಟ್ಟಲು ಏನಾಗಿತ್ತು? (ನಿವೃತ್ತ ಶಿಕ್ಷಕರು, ನೊಯ್ಡಾ)

ಮೇಷ್ಟ್ರೇ, ಎರಡೂ 2019ರಲ್ಲೇ ತೆರೆದವು, ಜನವರಿಯಲ್ಲಿ ಒಂದು, ಮಾರ್ಚ್‌ನಲ್ಲಿ ಇನ್ನೊಂದು. ನಡುವಿನ ದೂರ ಸುಮಾರು 300 ಮೀಟರ್. ಒಂದರ ಒಡೆಯ ದಿಲ್ಲಿ ನಿಗಮ, ಇನ್ನೊಂದರದು ನೊಯ್ಡಾದ ಬೇರೆ ನಿಗಮ. ಹಳಿಯ ಎರಡು ತುಂಡುಗಳನ್ನು ಬೆಸೆಯಲು ನಮಗೆ ಹೆಚ್ಚು ಹೊತ್ತು ಬೇಡ. ಎರಡು ಕಚೇರಿಗಳನ್ನು ಬೆಸೆಯುವ ಯಂತ್ರ ಎಲ್ಲಿಯೂ ಮಾರಾಟಕ್ಕಿಲ್ಲ. ಗುರುಗ್ರಾಮದ ರ್‍ಯಾಪಿಡ್ ಮೆಟ್ರೋ ಖಾಸಗಿಯವರದಾಗಿ 2013ರಲ್ಲಿ ಶುರುವಾಗಿ, 2019ರಲ್ಲಿ ದಿಲ್ಲಿ ನಿಗಮದ ಕೈಗೆ ಬಂತು. ವಿಮಾನ ನಿಲ್ದಾಣದ ಲೈನೂ ಖಾಸಗಿಯವರ ಕೈಯಲ್ಲಿತ್ತು. ಮೇಲ್ಸೇತುವೆಯ ಬೇರಿಂಗುಗಳಲ್ಲಿ ದೋಷ ಕಂಡು 2012ರ ಜುಲೈಯಿಂದ ಆರು ತಿಂಗಳು ಮುಚ್ಚಿ, 2013ರ ಜುಲೈಯಲ್ಲಿ ನಿಗಮವೇ ಹೊತ್ತುಕೊಂಡಿತು. ನಿಮ್ಮಲ್ಲೂ ಒಂದು ದಿನ ಹಾಗೇ ಆದರೆ ನನಗೆ ಆಶ್ಚರ್ಯವಿಲ್ಲ. ಅಲ್ಲಿಯವರೆಗೆ ಛತ್ರಿ, ಅಥವಾ ಇ-ರಿಕ್ಷಾ.

ದರ ಏರಿಸುತ್ತಲೇ ಇದ್ದಾರೆ. ಬಡವರು ಏನು ಮಾಡಬೇಕು? (ಕಚೇರಿ ಸಹಾಯಕ, ಬದರ್‌ಪುರ್)

2017ರ ಮೇ ತಿಂಗಳಲ್ಲಿ ಗರಿಷ್ಠ ದರ 30 ರೂಪಾಯಿಯಿಂದ 50ಕ್ಕೆ, ಅಕ್ಟೋಬರ್‌ನಲ್ಲಿ 60ಕ್ಕೆ ಏರಿತು. ಆ ಏಟಿಗೆ ದಿನಕ್ಕೆ ಸುಮಾರು 3 ಲಕ್ಷ ಪ್ರಯಾಣಿಕರು ಕಡಿಮೆಯಾದರು. ಬಸ್ಸಿಗೆ, ಸ್ಕೂಟರಿಗೆ ಹೋದವರು ಅವರು. ಆಮೇಲೆ ಎಂಟು ವರ್ಷ ಮುಟ್ಟಲಿಲ್ಲ, 2025ರ ಆಗಸ್ಟ್ 25ರಿಂದ ಕನಿಷ್ಠ 11, ಗರಿಷ್ಠ 64. ಬೆಂಗಳೂರಿನಲ್ಲಿ ಅದೇ ವರ್ಷದ ಫೆಬ್ರವರಿಯಲ್ಲಿ ಗರಿಷ್ಠ 60ರಿಂದ ಒಮ್ಮೆಗೇ 90 ಆಯಿತು. ನಿಮ್ಮ ತಂಗಿ ಬೆಂಗಳೂರಿನಲ್ಲಿದ್ದಾರೆ ಎಂದು ಬರೆದಿದ್ದೀರಿ, ಅವರನ್ನೇ ಕೇಳಿ.

ಕಾಯ್ದೆಯ ಪ್ರಕಾರ ನ್ಯಾಯಾಧೀಶರೊಬ್ಬರ ನೇತೃತ್ವದ ಸಮಿತಿ ದರ ನಿಗದಿ ಮಾಡಬೇಕು, ನಿಗಮ ಅದನ್ನು ಒಪ್ಪಲೇಬೇಕು. ರಾಜಕಾರಣಿ ಕೈ ಹಾಕದಿರಲೆಂದು ಮಾಡಿದ ಏರ್ಪಾಡು ಇದು. ಆದರೆ ಸಮಿತಿಯನ್ನು ಎಂಟು ವರ್ಷಕ್ಕೊಮ್ಮೆ ಕೂರಿಸಿದರೆ ಏರಿಕೆ ಒಮ್ಮೆಗೇ ಬೀಳುತ್ತದೆ. ವರ್ಷವರ್ಷ ಒಂದೊಂದು ರೂಪಾಯಿ ಏರಿಸಿದ್ದರೆ ಯಾರೂ ಅಷ್ಟು ನೋಯುತ್ತಿರಲಿಲ್ಲ. ಸದ್ಯಕ್ಕೆ ನನಗೆ ಗೊತ್ತಿರುವ ಉಪಾಯ ಒಂದೇ. ಕಾರ್ಡಿಗೆ ಶೇ. 10 ರಿಯಾಯಿತಿ ಇದೆ, ಬೆಳಿಗ್ಗೆ ಎಂಟರೊಳಗೆ, ಮಧ್ಯಾಹ್ನ ಹನ್ನೆರಡರಿಂದ ಐದರವರೆಗೆ, ರಾತ್ರಿ ಒಂಬತ್ತರ ನಂತರ ಇನ್ನೂ ಶೇ. 10. ನಿಮ್ಮ ಸಾಹೇಬರು ಬೇಗ ಬರಲು ಬಿಟ್ಟರೆ ಪ್ರಯೋಜನ.

ಮೋತಿಬಾಗ್ ನಿಲ್ದಾಣಕ್ಕೆ ನಮ್ಮ ವಿಶ್ವೇಶ್ವರಯ್ಯನವರ ಹೆಸರು ಇದೆಯಂತೆ, ನಿಜವೆ? ಬೆಂಗಳೂರಿನಿಂದ ಅಣ್ಣ ರಾಜಧಾನಿ ರೈಲಿನಲ್ಲಿ ಬರುತ್ತಿದ್ದಾರೆ, ಕರ್ನಾಟಕ ಸಂಘಕ್ಕೆ ಹೇಗೆ ಬರಲಿ ಎಂದು ಕೇಳುತ್ತಿದ್ದಾರೆ. (ಆರ್.ಕೆ. ಪುರಂ)

ನಿಜ. ಪಿಂಕ್ ಲೈನಿನಲ್ಲಿ, 2018ರ ಆಗಸ್ಟ್‌ನಿಂದ ಇದೆ. ಬೆಂಗಳೂರಿನ ಸೆಂಟ್ರಲ್ ಕಾಲೇಜು ನಿಲ್ದಾಣಕ್ಕೂ ಅವರದೇ ಹೆಸರು. ರಾಜಧಾನಿ ಹಜರತ್ ನಿಜಾಮುದ್ದೀನ್‌ಗೆ ಬರುತ್ತದೆ. ಹೊರಗಿನ ಟ್ಯಾಕ್ಸಿಯವರ ಕೂಗಿಗೆ ತಿರುಗಿ ನೋಡದೆ ಸರಾಯ್ ಕಾಲೇ ಖಾನ್ ಕಡೆಗೆ ಬಂದು ಪಿಂಕ್ ಲೈನ್ ಹತ್ತಲಿ, ಗಾಡಿ ಬದಲಿಸುವುದು ಬೇಡ. ಲಜಪತ್ ನಗರ, ಐ.ಎನ್.ಎ., ಸರೋಜಿನಿ ನಗರ, ಭಿಕಾಜಿ ಕಾಮಾ ಪ್ಲೇಸ್, ಅದಾದ ಮೇಲೆ ಮೋತಿಬಾಗ್. ಅಣ್ಣನವರಿಗೆ ನುಗ್ಗೇಕಾಯಿ, ಬಾಳೆಎಲೆ ಬೇಕೆನಿಸಿದರೆ ನಡುವೆ ಐ.ಎನ್.ಎ.ನಲ್ಲಿ ಇಳಿಯಬಹುದು, ದಕ್ಷಿಣದ ತರಕಾರಿ ಅಲ್ಲಿ ಸಿಗುತ್ತದೆ. ಮೋತಿಬಾಗ್‌ನಿಂದ ರಾವ್ ತುಲಾರಾಮ್ ಮಾರ್ಗದ ಸಂಘಕ್ಕೆ ಆಟೋ ಮಾಡಿಕೊಳ್ಳಲಿ. ಲಗೇಜು ಹೊತ್ತು ರಿಂಗ್ ರೋಡ್ ದಾಟುವ ಸಾಹಸ ಈ ವಯಸ್ಸಿನಲ್ಲಿ ಬೇಡ.